ಕಥೆಪೆಟ್ಟಿಗೆ: ಛಲ ಬಿಡದ ತ್ರಿವಿಕ್ರಮ ಯಾವ ಊರಿನವನು?

ಮಕ್ಕಳ ಮಾಸಿಕ ಚಂದಮಾಮದ ನೆನಪಿನ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಸಣ್ಣ ಟಿಪ್ಪಣಿ ಹಾಕಿದ್ದೆವು. ಅದರ ಬೆನ್ನಿಗೇ ಮುಂಬೈ, ಪುಣೆ, ಗೋವಾಗಳಿಂದ ಪತ್ರಗಳು ಬಂದವು. ರಾಜಕುಮಾರಿ, ರಾಕ್ಷಸ, ಮಾತಾಡುವ ಗಿಣಿಗಳ ಕಥೆಗಳನ್ನು ಐವತ್ತು ಅರವತ್ತು ವರ್ಷವಾದರೂ ಕೈಬಿಡದವರು ಬರೆದ ಪತ್ರಗಳಿವು. ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಡೊಂಬಿವಲಿಯಿಂದ ನಿವೃತ್ತ ಓದುಗರೊಬ್ಬರು: ನನಗೀಗ 61. ಮಲಗುವ ಮುಂಚೆ ಒಂದು ಬೇತಾಳ ಕಥೆ ಓದದೆ ನಿದ್ದೆ ಬರುವುದಿಲ್ಲ. ‘ಇನ್ನೂ ಮಕ್ಕಳ ಕಥೆಯಾ’ ಎಂದು ಮನೆಯಲ್ಲಿ ನಗುತ್ತಾರೆ. ಇದು ವಯಸ್ಸಿಗೆ ತಕ್ಕ ಓದು ಹೌದೋ ಅಲ್ಲವೋ? ಇನ್ನೊಂದು ಅನುಮಾನ: ಕನ್ನಡದಲ್ಲಿ ‘ತ್ರಿವಿಕ್ರಮ’ ಎನ್ನುತ್ತೇವೆ, ಉಳಿದವರೆಲ್ಲ ಉಜ್ಜಯಿನಿಯ ವಿಕ್ರಮಾದಿತ್ಯ ಎನ್ನುತ್ತಾರೆ. ಯಾವುದು ಸರಿ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇವೆ, ಏಕೆಂದರೆ ಮೊದಲನೆಯದರ ಉತ್ತರವೂ ಅದರೊಳಗೇ ಇದೆ. ಕನ್ನಡದ ನಾಲಿಗೆ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಬೇತಾಳನನ್ನು ಹೆಗಲ ಮೇಲೆ ಹೊತ್ತವನು ತ್ರಿವಿಕ್ರಮಸೇನ, ವಿಕ್ರಮಸೇನನ ಮಗ. ಅವನ ಊರು ಉಜ್ಜಯಿನಿಯಲ್ಲ, ಗೋದಾವರಿಯ ದಡದ ಪ್ರತಿಷ್ಠಾನ. ಪ್ರತಿಷ್ಠಾನವೆಂದರೆ ಈಗಿನ ಪೈಠಣ, ನೀವಿರುವ ಮಹಾರಾಷ್ಟ್ರದ್ದೇ ಊರು. ಉಜ್ಜಯಿನಿಯ ವಿಕ್ರಮಾದಿತ್ಯನ ಹೆಸರು ಬೇರೆ ಪಾಠಗಳಲ್ಲಿ ಬಂದು ಸೇರಿತು. ಇನ್ನೊಂದು ಸಂಗತಿ: ಬೇತಾಳ ನೇತಾಡುತ್ತಿದ್ದದ್ದು ಸೋಮದೇವನಲ್ಲಿ ಶಿಂಶಪಾ ಮರದಲ್ಲಿ. ವಾಲ್ಮೀಕಿಯ ಸುಂದರಕಾಂಡದಲ್ಲಿ ಹನುಮಂತ ಅಡಗಿ ಕೂತು ಸೀತೆಯನ್ನು ನೋಡಿದ್ದೂ ಶಿಂಶಪಾ ಮರದಿಂದಲೇ. ಚಿತ್ರಗಳಲ್ಲಿ ಬಿಳಲು ಬಿಟ್ಟ ಆಲದ ಮರ ಕಂಡರೆ ಅದು ಕಲಾವಿದರ ಆಯ್ಕೆ.

ಈಗ ವಯಸ್ಸಿನ ಮಾತು. ಸೋಮದೇವ ಆ ಪುಸ್ತಕ ಬರೆದದ್ದು ಯಾವ ಮಗುವಿಗೂ ಅಲ್ಲ. ಕಾಶ್ಮೀರದ ಅನಂತರಾಜನ ರಾಣಿ ಸೂರ್ಯಮತಿಯ ಮನಸ್ಸಿಗೆ ವಿನೋದವಾಗಲಿ ಎಂದು ಬರೆದ. ಅದರ ಮೂಲ ಗುಣಾಢ್ಯನ ಬೃಹತ್ಕಥೆ, ಪೈಶಾಚಿ ಭಾಷೆಯದು. ಅದು ಹುಟ್ಟಿದ ಕಥೆಯೂ ನಡೆಯುವುದು ಅದೇ ಪ್ರತಿಷ್ಠಾನದ ಸಾತವಾಹನರ ನೆಲದಲ್ಲೇ. ಕಾಡಿನಲ್ಲಿ ಮಸಿ ಸಿಗದೆ ಗುಣಾಢ್ಯ ತನ್ನ ರಕ್ತದಲ್ಲಿ ಏಳು ಲಕ್ಷ ಶ್ಲೋಕ ಬರೆದನಂತೆ. ಪಿಶಾಚಿಗಳ ಭಾಷೆ ಎಂದು ರಾಜ ಅದನ್ನು ತಿರಸ್ಕರಿಸಿದ. ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಎಲೆಯನ್ನು ಪ್ರಾಣಿಗಳಿಗೆ ಓದಿ ಹೇಳಿ ಸುಡುತ್ತಾ ಹೋದ. ಪ್ರಾಣಿಗಳು ಮೇವು ಬಿಟ್ಟು ಕಣ್ಣೀರಿಡುತ್ತಾ ಕೇಳಿದವು, ಬಡವಾದವು. ಅಡುಗೆಮನೆಗೆ ಬಂದ ಮಾಂಸದಲ್ಲಿ ಸಾರವಿಲ್ಲದೆ ರಾಜನಿಗೇ ಕಾಯಿಲೆ ಬಿತ್ತು. ಕಾರಣ ತಿಳಿದು ಅವನು ಓಡಿ ಬರುವ ಹೊತ್ತಿಗೆ ಉಳಿದದ್ದು ಒಂದು ಲಕ್ಷ ಶ್ಲೋಕ. ಕನ್ನಡದಲ್ಲಿ 11ನೇ ಶತಮಾನದ ದುರ್ಗಸಿಂಹ ಪಂಚತಂತ್ರ ಬರೆಯುವಾಗಲೂ ವಸುಭಾಗಭಟ್ಟನ ಮೂಲಕ ಈ ಗುಣಾಢ್ಯನ ಕಡೆಗೇ ಬೆರಳು ತೋರಿಸುತ್ತಾನೆ. ಇವು ದೊಡ್ಡವರಿಗಾಗಿ ದೊಡ್ಡವರು ಹೇಳಿದ ಕಥೆಗಳು. ಮಕ್ಕಳ ಪಾಲಿಗೆ ಬಂದದ್ದು ಆಮೇಲೆ.

ಹಾಗಾಗಿ ನೀವು ಓದುವ ರೀತಿಯನ್ನು ಒಂದಿಷ್ಟು ಬದಲಿಸಿ ನೋಡಿ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಪುಸ್ತಕ ಮುಚ್ಚಿಡಿ, ರಾಜನ ಉತ್ತರ ಓದಬೇಡಿ. ನಿಮ್ಮ ತೀರ್ಪನ್ನು ಎರಡು ಸಾಲಿನಲ್ಲಿ ಕಾರಣದ ಸಮೇತ ಬರೆಯಿರಿ. ಮರುದಿನ ರಾತ್ರಿ ರಾಜನದ್ದು ಓದಿ. ಉದಾಹರಣೆಗೆ ಮಂದಾರವತಿಯ ಕಥೆ. ಸತ್ತ ಹುಡುಗಿಯನ್ನು ಪ್ರೀತಿಸಿದ ಮೂವರಲ್ಲಿ ಒಬ್ಬ ಚಿತಾಭಸ್ಮದ ಮೇಲೆ ಮಲಗಿ ಕಾಯುತ್ತಾನೆ, ಒಬ್ಬ ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ, ಒಬ್ಬ ಬದುಕಿಸುವ ಮಂತ್ರ ತರುತ್ತಾನೆ. ಅವಳು ಯಾರ ಹೆಂಡತಿ? ಹತ್ತು ಜನರಲ್ಲಿ ಎಂಟು ಜನ ಮಂತ್ರದವನ ಹೆಸರು ಹೇಳುತ್ತಾರೆ. ರಾಜ ಹೇಳುವುದು ಬೇರೆ: ಜೀವ ಕೊಟ್ಟವನು ತಂದೆಯಾದ, ಅಸ್ಥಿ ಒಯ್ದವನು ಮಗನಾದ, ಬೂದಿಯ ಮೇಲೆ ಮಲಗಿದವನೇ ಗಂಡ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ತಲೆ ಅದಲುಬದಲಾದ ಕಥೆಯಲ್ಲೂ ಒಂದು ಸೂಕ್ಷ್ಮವಿದೆ. ಸೋಮದೇವನಲ್ಲಿ ಗಂಡನ ಮುಂಡಕ್ಕೆ ಸೇರುವುದು ಹೆಣ್ಣಿನ ಅಣ್ಣನ ತಲೆ, ಗೆಳೆಯನದಲ್ಲ. ಗೆಳೆಯನ ರೂಪ ನಮಗೆ ಪರಿಚಯವಾದದ್ದು ಗಿರೀಶ ಕಾರ್ನಾಡರ ಹಯವದನ ನಾಟಕದಿಂದ. ಅಣ್ಣ ಎಂದಾಗ ‘ಇಬ್ಬರಲ್ಲಿ ಅವಳ ಗಂಡ ಯಾರು’ ಎಂಬ ಪ್ರಶ್ನೆ ಎಷ್ಟು ಬಿಗಿಯಾಗುತ್ತದೆ ನೋಡಿ. ಇನ್ನು 24ನೆಯ ಕಥೆ: ಅಪ್ಪ ಮಗ ಇಬ್ಬರೂ ದಾರಿಯಲ್ಲಿ ಎರಡು ಜೊತೆ ಹೆಜ್ಜೆಗುರುತು ಕಾಣುತ್ತಾರೆ. ದೊಡ್ಡ ಪಾದದವಳು ಅಪ್ಪನಿಗೆ, ಸಣ್ಣ ಪಾದದವಳು ಮಗನಿಗೆ ಎಂದು ಮಾತಾಗುತ್ತದೆ. ನೋಡಿದರೆ ದೊಡ್ಡ ಪಾದ ಮಗಳದು, ಸಣ್ಣದು ತಾಯಿಯದು. ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜ ಬಾಯಿ ಬಿಡದೆ ನಡೆದದ್ದು ಇದೊಂದಕ್ಕೇ. ನಗುವವರ ಮುಂದೆ ಊಟದ ಹೊತ್ತಿಗೆ ಈ ಲೆಕ್ಕ ಇಡಿ.

ಚೆಂಬೂರಿನಿಂದ ಗೃಹಿಣಿಯೊಬ್ಬರು: ಅಪ್ಪ ಕೂಡಿಟ್ಟ 1960, 70ರ ದಶಕದ ಸುಮಾರು 140 ಮಕ್ಕಳ ಮಾಸಿಕಗಳು ನನ್ನ ಬಳಿ ಇವೆ. ಮಳೆಗಾಲ ಬಂದರೆ ಮುಗ್ಗಲು ವಾಸನೆ, ಅಲ್ಲಲ್ಲಿ ಬೂದು ಚುಕ್ಕೆ. ನುಸಿಗುಳಿಗೆ ಹಾಕಿ, ಬಿಸಿಲಿಗಿಟ್ಟು ಸಾಕಾಯಿತು. ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕಿದ್ದೆ, ಅದೂ ಕಂದಾಯಿತು. ಒಟ್ಟಿಗೆ ಬೈಂಡ್ ಮಾಡಿಸಲೇ?

ಬೈಂಡ್ ಮಾಡಿಸಬೇಡಿ. ಕಾರಣ ಮುಂದೆ ಹೇಳುತ್ತೇವೆ. ಮೊದಲು ಬೂಷ್ಟಿನ ವಿಷಯ.

ಆ ಕಾಲದ ಮಾಸಿಕಗಳ ಕಾಗದ ಮರದ ತಿರುಳಿನದು. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು ತಾಗಿದಷ್ಟೂ ಹಳದಿಯಾಗುತ್ತದೆ, ಆಮ್ಲವಾಗಿ ನಾರನ್ನು ತಿನ್ನುತ್ತದೆ. ಅದಕ್ಕೇ ಬಿಸಿಲು ಬೇಡವೇ ಬೇಡ. ಹಪ್ಪಳ ಒಣಗಿಸಿದ ಹಾಗೆ ತಾರಸಿಯ ಮೇಲೆ ಹರಡಿದ ಸಂಚಿಕೆ ಆ ಸಂಜೆ ಗರಿಗರಿಯಾಗಿ ಕಾಣುತ್ತದೆ, ಎರಡೇ ವರ್ಷದಲ್ಲಿ ಮಡಿಸಿದಲ್ಲಿ ಮುರಿಯುತ್ತದೆ. ನುಸಿಗುಳಿಗೆ ಬೂಷ್ಟನ್ನು ಕೊಲ್ಲುವುದಿಲ್ಲ. ಕಾಗದಕ್ಕೆ ಹಿಡಿದ ಅದರ ವಾಸನೆ ವರ್ಷಗಟ್ಟಲೆ ಬಿಡುವುದಿಲ್ಲ, ಮಲಗುವ ಕೋಣೆಯಲ್ಲಿ ಅದು ಉಸಿರಿಗೂ ಒಳ್ಳೆಯದಲ್ಲ. ಹಸಿ ಬೇವಿನ ಸೊಪ್ಪು ಇಡುವವರೂ ಇದ್ದಾರೆ. ಅದು ತನ್ನ ನೀರನ್ನೆಲ್ಲ ಕಾಗದಕ್ಕೆ ಕೊಟ್ಟು ಹಸಿರು ಕಲೆ ಮಾಡುತ್ತದೆ.

ಬೂಷ್ಟು ಬೆಳೆಯಲು ಬೇಕಾದ್ದು ಗಾಳಿಯ ತೇವಾಂಶ. ಶೇ. 65ರ ಮೇಲೆ ದಿನಗಟ್ಟಲೆ ನಿಂತರೆ ಅದು ಎಚ್ಚರವಾಗುತ್ತದೆ, ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಿನ ದಿನ 80ರ ಆಚೆಯೇ. ಆದ್ದರಿಂದ ಕೊಳ್ಳಬೇಕಾದ ಮೊದಲ ವಸ್ತು ಬೀರುವಿನೊಳಗೆ ಇಡುವ ಸಣ್ಣ ತೇವಾಂಶ ಮಾಪಕ. ಮುಳ್ಳು 45ರಿಂದ 55ರ ನಡುವೆ ಇರಲಿ. 35ಕ್ಕಿಂತ ಕೆಳಗಿಳಿದರೆ ಹಳೆಯ ಕಾಗದ ಬಿರುಸಾಗುತ್ತದೆ, ಅದೂ ಬೇಡ.

ಚುಕ್ಕೆ ಬಿದ್ದ ಸಂಚಿಕೆಗಳನ್ನು ಮೊದಲು ಬೇರೆ ಮಾಡಿ. ಮೃದು ಕುಂಚದ ತುದಿಯಿಂದ ಚುಕ್ಕೆಯನ್ನು ಮುಟ್ಟಿ ನೋಡಿ. ಪುಡಿಯಾಗಿ ಉದುರಿದರೆ ಬೂಷ್ಟು ನಿದ್ದೆಯಲ್ಲಿದೆ, ಈಗಲೇ ತೆಗೆಯಬಹುದು. ಮೆತ್ತಗೆ ಉಜ್ಜಿಕೊಂಡು ಹೋದರೆ ಜೀವಂತವಾಗಿದೆ. ಅಂಥದ್ದನ್ನು ಫ್ಯಾನಿನ ಗಾಳಿಯಲ್ಲಿ, ನೆರಳಲ್ಲಿ, ಪುಟ ಬಿಚ್ಚಿ ನಿಲ್ಲಿಸಿ ಒಣಗಿಸಿದ ಮೇಲೆಯೇ ಕೈಹಾಕಿ. ಎನ್-95 ಮುಖಗವಸು, ಕೈಗವಸು ಇರಲಿ. ಕೆಲಸ ಬಾಲ್ಕನಿಯಲ್ಲಿ ನಡೆಯಲಿ. ಕುಂಚ ಯಾವಾಗಲೂ ಬೆನ್ನಿನ ಮಡಿಕೆಯಿಂದ ಹೊರಗಡೆಗೆ ಆಡಲಿ, ಇಲ್ಲದಿದ್ದರೆ ಪುಡಿಯೆಲ್ಲ ಹೊಲಿಗೆಯೊಳಗೆ ಕೂರುತ್ತದೆ. ಒದ್ದೆ ಬಟ್ಟೆ, ಡೆಟಾಲ್, ಸ್ಪಿರಿಟ್ ಏನೂ ಬೇಡ: ಅಗ್ಗದ ಬಣ್ಣದ ಮುದ್ರಣದ ಮಸಿ ಹರಡುತ್ತದೆ.

ಒಳಗೆ ಹುಳು ಇದೆಯೇ ನೋಡಿಕೊಳ್ಳಿ. ಒಂದೆರಡು ಮಿಲಿಮೀಟರಿನ ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕೊರೆಯುವ ಹುಳು. ಮೇಲ್ಮೈಯನ್ನು ಅಡ್ಡಾದಿಡ್ಡಿ ಕೆರೆದಂತಿದ್ದರೆ ಸಿಲ್ವರ್‌ಫಿಶ್ ಎಂಬ ಬೆಳ್ಳಿಬಣ್ಣದ ಹುಳು. ಎರಡಕ್ಕೂ ಔಷಧಿಗಿಂತ ಫ್ರೀಜರ್ ಮೇಲು. ಚೆನ್ನಾಗಿ ಒಣಗಿದ ಸಂಚಿಕೆಯನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದಾಗ ಆತುರ ಬೇಡ. ಚೀಲ ಬಿಚ್ಚದೆ 24 ಗಂಟೆ ಬಿಡಿ. ಮೊದಲೇ ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರಹನಿ ಕಟ್ಟಿ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

ಶೇಖರಿಸಿಡುವ ಕೆಲಸಕ್ಕೆ ಜನವರಿ, ಫೆಬ್ರವರಿ ಸರಿಯಾದ ಕಾಲ. ಕಾಗದ ಆಗ ತಾನಾಗಿಯೇ ಒಣಗಿರುತ್ತದೆ. ಬಿಗಿಯಾದ ಮುಚ್ಚಳದ 20 ಲೀಟರಿನ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಮಣಿ ಸುಮಾರು 400 ಗ್ರಾಂ ಬೇಕು. ಷೂ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಪೊಟ್ಟಣಗಳು ಲೆಕ್ಕಕ್ಕೇ ಇಲ್ಲ. ಕಿತ್ತಳೆ ಬಣ್ಣದಿಂದ ಹಸಿರಿಗೆ ತಿರುಗುವ ಮಣಿ ಕೊಳ್ಳಿ. ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುತ್ತದೆ, ಮನೆಗೆ ಬೇಡ. ಹಸಿರಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಮಣಿ ಕಾಗದಕ್ಕೆ ತಾಗದಂತೆ ಬಟ್ಟೆಯ ಚೀಲದಲ್ಲಿರಲಿ. ಜುಲೈ ತಿಂಗಳಲ್ಲಿ ತೇವದ ಪುಸ್ತಕವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುವುದೇ ಜನ ಹೆಚ್ಚಾಗಿ ಮಾಡುವ ತಪ್ಪು. ಅದು ಬೂಷ್ಟಿಗೆ ತೊಟ್ಟಿಲು ಕಟ್ಟಿದಂತೆ. ಬೀರುವಿನಲ್ಲೇ ಇಡುವುದಾದರೆ ಮಳೆ ಹೊಡೆಯುವ ಹೊರಗೋಡೆಯಿಂದ ಐದಾರು ಸೆಂಟಿಮೀಟರ್ ದೂರ, ನೆಲದಿಂದ 15 ಸೆಂಟಿಮೀಟರ್ ಮೇಲೆ. ನೆಲಮಾಳಿಗೆಯಲ್ಲೋ ಕೆಳ ಅಂತಸ್ತಿನಲ್ಲೋ ಇರುವವರು ಇನ್ನೂ ಮೇಲಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಬಿದ್ದಿತ್ತು ಎಂಬುದನ್ನು ಮುಂಬೈಯ ಪುಸ್ತಕಪ್ರಿಯರು ಮರೆಯುವಂತಿಲ್ಲ. ನೆನೆದ ಪುಸ್ತಕದಲ್ಲಿ 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಅಷ್ಟರಲ್ಲಿ ಎಲ್ಲವನ್ನೂ ಒಣಗಿಸಲಾಗದಿದ್ದರೆ, ಉಳಿದದ್ದನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಹಾಕಿ ಫ್ರೀಜರಿಗಿಡಿ. ಅಲ್ಲಿ ಹೊತ್ತು ನಿಲ್ಲುತ್ತದೆ. ಆಮೇಲೆ ಒಂದೊಂದಾಗಿ ತೆಗೆದು ಒಣಗಿಸಬಹುದು.

ಇನ್ನು ರಿಪೇರಿ. ಕಂದಾದ ಸೆಲ್ಲೋಟೇಪನ್ನು ಎಳೆಯಬೇಡಿ, ಅಕ್ಷರವೂ ಜೊತೆಗೆ ಬರುತ್ತದೆ. ಪ್ಲಾಸ್ಟಿಕ್ ತಾನಾಗಿ ಕಳಚಿ ಬಿದ್ದಲ್ಲಿ ಮಾತ್ರ ಹೊಸ ತೇಪೆ ಹಾಕಿ. ತೇಪೆಗೆ ಬೇಕಾದ್ದು ಚದರ ಮೀಟರಿಗೆ 9ರಿಂದ 12 ಗ್ರಾಂ ತೂಕದ ಜಪಾನಿ ಟಿಶ್ಯೂ ಕಾಗದ, ಅಂಟಿಗೆ ಗೋಧಿಯ ಪಿಷ್ಟ. ಮೈದಾ ಬೇಡ, ಅದರ ಜಿಗುಟು ಹುಳುವನ್ನು ಕರೆಯುತ್ತದೆ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ 20ರಿಂದ 30 ನಿಮಿಷ ಕೈ ಬಿಡದೆ ತೊಳಸಿ, ಆರಿಸಿ, ಸೋಸಿ. ಹಾಲಿನ ಕೆನೆಯಷ್ಟು ತೆಳುವಾಗಿರಲಿ. ಫ್ರಿಜ್‌ನಲ್ಲಿ ನಾಲ್ಕೈದು ದಿನ ಬಾಳುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಟಿಶ್ಯೂವನ್ನು ಕತ್ತರಿಸದೆ ಹರಿಯಬೇಕು: ಹರಿದ ಅಂಚಿನ ನಾರು ಕಾಗದದೊಳಗೆ ಕಲೆತು ಮಾಯವಾಗುತ್ತದೆ, ಕತ್ತರಿಯ ಅಂಚು ಮುಂದೆ ಮಡಿಕೆಯಾಗಿ ಮುರಿಯುತ್ತದೆ. ಮೇಲೆ ಕೆಳಗೆ ಒತ್ತುಕಾಗದ ಇಟ್ಟು, ಭಾರ ಹೇರಿ, ರಾತ್ರಿಯಿಡೀ ಬಿಡಿ. ಬಿಳಿ ಫೆವಿಕಾಲ್ ಅಂಟು ಒಮ್ಮೆ ಹಿಡಿದರೆ ಮತ್ತೆ ಬಿಚ್ಚಲಾಗದು, ಅದನ್ನು ಮರಗೆಲಸಕ್ಕೆ ಬಿಡಿ.

ತುಕ್ಕು ಹಿಡಿದ ಪಿನ್ನುಗಳನ್ನು ತೆಗೆಯಲೇಬೇಕು. ನಡುಪುಟ ಬಿಚ್ಚಿ, ಪಿನ್ನಿನ ಕಾಲುಗಳನ್ನು ಮೊಂಡು ಚಾಕುವಿನಿಂದ ನಿಧಾನಕ್ಕೆ ಎತ್ತಿ, ಹೊರಗಿನಿಂದ ಹಿಂದಕ್ಕೆ ತಳ್ಳಿ. ಅದೇ ತೂತುಗಳಲ್ಲಿ ಲಿನನ್ ದಾರ ಪೋಣಿಸಿ ಒಳಗಡೆ ಗಂಟು ಹಾಕಿ. ದಾರವನ್ನು ಮಡಿಕೆಯ ಉದ್ದಕ್ಕೆ ಎಳೆಯಿರಿ, ನಿಮ್ಮ ಕಡೆಗೆ ಎಳೆದರೆ ಕಾಗದ ಸೀಳುತ್ತದೆ.

ಬೈಂಡಿಂಗ್ ಬೇಡ ಎಂದದ್ದು ಇದಕ್ಕೇ: ಸಾಮಾನ್ಯ ಬೈಂಡರ್ 12 ಸಂಚಿಕೆ ಒಟ್ಟಿ, ಪಕ್ಕದಿಂದ ಹೊಲಿದು, ಮೂರು ಕಡೆ ಕತ್ತರಿಸುತ್ತಾರೆ. ಹೊಲಿಗೆ ಒಂದು ಸೆಂಟಿಮೀಟರ್ ತಿನ್ನುತ್ತದೆ, ಕತ್ತರಿ ಚಿತ್ರದ ಅಂಚನ್ನು. ಬೇತಾಳನ ಕಾಲೋ ರಾಜನ ಕತ್ತಿಯ ತುದಿಯೋ ಅಲ್ಲಿಗೆ ಹೋಯಿತು. ಮತ್ತೆ ಬಿಡಿಸಿ ಓದುವಾಗ ಗಟ್ಟಿ ಬೆನ್ನು ಒಣ ಕಾಗದವನ್ನು ಬುಡದಲ್ಲೇ ಮುರಿಯುತ್ತದೆ. ಆರಾರು ಸಂಚಿಕೆಗೆ ಒಂದರಂತೆ ಆಮ್ಲರಹಿತ ಕಾಗದದ ಪೆಟ್ಟಿಗೆ ಮಾಡಿಸಿ, ಮಲಗಿಸಿಡಿ.

ಪುಣೆಯ ಕೋಥ್ರೂಡಿನಿಂದ ತಾಯಿಯೊಬ್ಬರು: ಐದು ವರ್ಷದ ಮಗಳು ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ. ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಕನ್ನಡದಲ್ಲಿ ಹೇಳಹೋದರೆ ಎರಡೇ ನಿಮಿಷಕ್ಕೆ ಎದ್ದು ಹೋಗುತ್ತಾಳೆ. ಮರಾಠಿಗೆ ಅನುವಾದಿಸಿ ಹೇಳಲೇ?

ಅನುವಾದ ಬೇಡ. ಅವಳಿಗೆ ಮರಾಠಿಯಲ್ಲಿ ಈಗಾಗಲೇ ಗೊತ್ತಿರುವ ಕಥೆಯನ್ನೇ ಕನ್ನಡದಲ್ಲಿ ಹೇಳಿ. ಅಂಥದ್ದು ಕಾಗಕ್ಕ ಗುಬ್ಬಕ್ಕನ ಕಥೆ. ಮರಾಠಿಯಲ್ಲಿ ಕಾವುವಿನ ಮನೆ ಶೇಣದ್ದು, ಚಿವುವಿನದು ಮೇಣದ್ದು, ಎಂದರೆ ಸಗಣಿ ಮತ್ತು ಮೇಣ. ಪ್ರಾಸ ಹಾಗೆ ಕೂತಿದೆ. ನಮ್ಮಲ್ಲಿ ಕಾಗಕ್ಕನದು ಸಗಣಿಯದೋ ಮಣ್ಣಿನದೋ, ಗುಬ್ಬಕ್ಕನದು ಕಲ್ಲಿನದು. ಮಳೆ ಎರಡೂ ಕಡೆ ಒಂದೇ. ‘ಗುಬ್ಬಕ್ಕಾ ಗುಬ್ಬಕ್ಕಾ ಬಾಗಿಲು ತೆಗಿ’, ‘ತಡಿಯೇ, ಮಗೂಗೆ ನೀರು ಹಾಕ್ತಿದ್ದೀನಿ’ ಎಂಬ ಮಾತುಗಳೂ ಹೆಚ್ಚುಕಡಿಮೆ ಒಂದೇ. ಕಥೆಯ ದಾರಿ ತಿಳಿದ ಮಗುವಿಗೆ ಭಾಷೆಯೊಂದನ್ನೇ ಹಿಡಿದರೆ ಸಾಕು. ಕುಂಬಳಕಾಯಿಯೊಳಗೆ ಕೂತು ಉರುಳುವ ಅಜ್ಜಿಯ ಕಥೆಯೂ ಹೀಗೆಯೇ. ‘ಚಲ್ ರೇ ಭೋಪಳ್ಯಾ ಟುಣುಕ್ ಟುಣುಕ್’ ಗೊತ್ತಿಲ್ಲದ ಪುಣೆಯ ಮಗು ಇರಲಿಕ್ಕಿಲ್ಲ.

ಹೇಳುವಾಗ ಏಳರಿಂದ ಹತ್ತು ನಿಮಿಷ ಮೀರಬೇಡಿ. ಒಂದು ಕಥೆಗೆ ಐದಾರು ಹೊಸ ಪದ ಸಾಕು, ಅವು ಕೈಯಲ್ಲಿ ಮಾಡಿ ತೋರಿಸಬಹುದಾದವಾಗಲಿ: ಬಾಗಿಲು, ಒಲೆ, ತೊಟ್ಟಿಲು, ರೆಕ್ಕೆ. ಮತ್ತೆ ಮತ್ತೆ ಬರುವ ಸಾಲನ್ನು ಮಗುವಿನ ಬಾಯಿಗೆ ಕೊಡಿ, ನೀವು ಗುಬ್ಬಕ್ಕನಾದರೆ ಅವಳು ಕಾಗಕ್ಕ. ಪ್ರತಿ ಸಾಲಿಗೂ ‘ಹೂಂ’ ಅನ್ನಿಸಿ. ಹೂಂಗುಟ್ಟುವುದು ಬರೀ ಅಭ್ಯಾಸವಲ್ಲ, ಕೇಳುವವರು ಎಲ್ಲಿ ಕೈಬಿಟ್ಟರು ಎಂದು ಹೇಳುವವರಿಗೆ ತಿಳಿಯುವುದು ಅದರಿಂದಲೇ. ಹೂಂ ತಡವಾಯಿತೆಂದರೆ ವಾಕ್ಯ ಉದ್ದವಾಗಿದೆ. ಒಂದೇ ಕಥೆಯನ್ನು ಹತ್ತು ರಾತ್ರಿ, ಒಂದಕ್ಷರ ಬದಲಿಸದೆ ಹೇಳಿ. ನಾಲ್ಕನೆಯ ರಾತ್ರಿಗೋ ಐದನೆಯದಕ್ಕೋ ‘ಹಾಗಲ್ಲ, ನೀರು ಆದಮೇಲೆ ಕಾಡಿಗೆ’ ಎಂದು ಅವಳೇ ತಿದ್ದುತ್ತಾಳೆ. ಕನ್ನಡದಲ್ಲೇ ತಿದ್ದಿದ ದಿನ ಹೊಸ ಕಥೆಗೆ ಹೋಗಿ.

ಮಾತಿನ ನಡುವೆ ‘ಅಂದರೆ ಮರಾಠಿಯಲ್ಲಿ…’ ಎಂದು ನಿಲ್ಲಿಸಿದರೆ ಕಥೆ ಪಾಠವಾಗುತ್ತದೆ. ಕೊನೆಗೆ ನೀತಿ ಕೇಳಿದರೆ ಪರೀಕ್ಷೆಯಾಗುತ್ತದೆ. ಕೆಲವು ಮನೆಗಳ ರೂಪದಲ್ಲಿ ಕಾಗಕ್ಕ ರಾತ್ರಿಯೆಲ್ಲ ಕಡಲೆ ಕಟಕಟ ತಿಂದು, ಏನು ಸದ್ದೆಂದರೆ ಅಡಿಕೆ ಎನ್ನುತ್ತಾಳೆ. ಕೆಲವದರಲ್ಲಿ ಒಲೆಯ ಬಳಿ ಮೈ ಸುಟ್ಟುಕೊಳ್ಳುತ್ತಾಳೆ. ನಿಮ್ಮ ಅಜ್ಜಿ ಹೇಳಿದ ಕೊನೆ ಯಾವುದೋ ಅದನ್ನೇ ಹೇಳಿ. ಭಯವೆಂದು ಅದನ್ನು ಮೆತ್ತಗೆ ಮಾಡಬೇಡಿ. ತಾಯಿಯ ತೊಡೆಯ ಮೇಲೆ ಕೂತ ಮಗು ಅಷ್ಟು ಭಯವನ್ನು ತಾಳುತ್ತದೆ.

ಗೋವಾದ ವಾಸ್ಕೋದಿಂದ: ಚಿಕ್ಕಂದಿನಲ್ಲಿ ಕೇಳಿದ ಕಥೆಯೊಂದು ಅರ್ಧ ಮಾತ್ರ ನೆನಪಿದೆ. ಬಡ ಹುಡುಗಿ ಹೂವಿನ ಮರವಾಗುತ್ತಾಳೆ, ಎರಡು ಬಿಂದಿಗೆ ನೀರು ಬೇಕು. ಮುಂದೇನು? ಇಂಥ ಮರೆತ ಕಥೆಗಳನ್ನು ಹುಡುಕುವುದು ಹೇಗೆ?

ಇದು ಉತ್ತರ ಸಿಗುವ ಪ್ರಶ್ನೆ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಕನ್ನಡದ ಬಾಯಿಮಾತಿನಿಂದ ಸಂಗ್ರಹಿಸಿದ ಕಥೆಗಳಲ್ಲಿ ಇದೂ ಒಂದು. ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಬಂದ ಇಂಗ್ಲಿಷ್ ಸಂಕಲನದ ಹೆಸರೇ ಈ ಕಥೆಯದು, ‘ಎ ಫ್ಲವರಿಂಗ್ ಟ್ರೀ’. ಕಾರ್ನಾಡರ 1992ರ ‘ಚೆಲುವಿ’ ಚಿತ್ರಕ್ಕೂ ಮೂಲ ಇದೇ. ಉಗುರು ತಾಗಿಸದೆ ತಂದ ಒಂದು ಬಿಂದಿಗೆ ನೀರು ಸುರಿದರೆ ಹುಡುಗಿ ಮರ. ಟೊಂಗೆ ಮುರಿಯದೆ ಹೂ ಬಿಡಿಸಿ ಎರಡನೆಯ ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಅವಳು ರಾಜಕುಮಾರನನ್ನು ಮದುವೆಯಾಗುತ್ತಾಳೆ. ನಾದಿನಿ ಗೆಳತಿಯರ ಮುಂದೆ ಹಠ ಹಿಡಿದು ಅವಳನ್ನು ಮರ ಮಾಡಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ನೀರನ್ನೂ ಸರಿಯಾಗಿ ಹೊಯ್ಯದೆ ಓಡಿಹೋಗುತ್ತಾರೆ. ಕೈಕಾಲಿಲ್ಲದ ಮುಂಡವಾಗಿ ಉಳಿದವಳನ್ನು ಕೊನೆಗೆ ಗಂಡ ಗುರುತಿಸಿ, ಮತ್ತೆ ಮರ ಮಾಡಿ, ಮುರಿದ ಕೊಂಬೆಗಳನ್ನು ಜೋಡಿಸಿ ನೀರೆರೆಯುತ್ತಾನೆ.

ಹುಡುಕುವಾಗ ರಾಜನ ಹೆಸರು, ಊರಿನ ಹೆಸರು ಹಿಡಿಯಬೇಡಿ, ಅವು ಮನೆಯಿಂದ ಮನೆಗೆ ಬದಲಾಗುತ್ತವೆ. ಬದಲಾಗದ್ದು ಷರತ್ತು: ಎರಡು ಬಿಂದಿಗೆ, ಮುರಿಯಬಾರದ ಕೊಂಬೆ, ಏಳು ಸಮುದ್ರದಾಚೆ ಗಿಣಿಯಲ್ಲಿಟ್ಟ ಪ್ರಾಣ. ಮೂರು ನಾಲ್ಕು ಷರತ್ತುಗಳನ್ನು ಬರೆದುಕೊಂಡು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯದವರು ತಂದ ಜನಪದ ಕಥಾ ಸಂಕಲನಗಳ ಮೇಲೆ ಕಣ್ಣಾಡಿಸಿ. ವಿದ್ವಾಂಸರು ಕಥೆಗಳಿಗೆ ಮಾದರಿ ಸಂಖ್ಯೆ ಕೊಡುತ್ತಾರೆ. ಗಿಣಿಯಲ್ಲಿ ರಾಕ್ಷಸನ ಪ್ರಾಣವಿರುವ ಕಥೆ 302ನೆಯದು. ಸಂಕಲನದ ಕೊನೆಯಲ್ಲಿ ಆ ಸಂಖ್ಯೆ ಇದ್ದರೆ ಬೇರೆ ಭಾಷೆಯಲ್ಲಿರುವ ಅದೇ ಕಥೆಯ ದಾಯಾದಿಗಳೂ ಸಿಗುತ್ತವೆ.

ಠಾಣೆಯಿಂದ: ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಬಹುದೇ?

ಸ್ಕ್ಯಾನ್ ಮಾಡಿ. ನಿಮ್ಮ ಸ್ವಂತ ಓದಿಗೆ, ಅಧ್ಯಯನಕ್ಕೆ ಪ್ರತಿ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಗುಂಪಿಗೆ ಹಂಚುವುದು ಬೇರೆ ಮಾತು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಲೇಖಕರ ಹೆಸರಿಲ್ಲದ ಬರಹಕ್ಕೆ ಪ್ರಕಟಣೆಯ ಮುಂದಿನ ವರ್ಷದಿಂದ 60. ಚಿತ್ರದ ಹಕ್ಕು ಕಲಾವಿದರ ಆಯುಷ್ಯಕ್ಕೆ ತಕ್ಕಂತೆ ಪ್ರತ್ಯೇಕ. ವಿಕ್ರಮನ ಹೆಗಲ ಮೇಲೆ ಬೇತಾಳನನ್ನು ನಮ್ಮ ಕಣ್ಣಿಗೆ ಕಟ್ಟಿದ ಚಂದಮಾಮದ ಕಲಾವಿದ ಶಂಕರ್ ತೀರಿಕೊಂಡದ್ದು 2020ರಲ್ಲಿ. ಲೆಕ್ಕ ನೀವೇ ಹಾಕಿ.

ಅಕ್ಷರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ), ಚಿತ್ರದ ಪುಟಕ್ಕೆ 600. ಕಪ್ಪುಬಿಳುಪಿನಲ್ಲಿ ಬೇಡ, ಹಳದಿ ಕಾಗದ ಕಪ್ಪು ಕಲೆಯಾಗಿ ಬರುತ್ತದೆ, ಬಣ್ಣದಲ್ಲೇ ತೆಗೆಯಿರಿ. ಪುಟದ ಹಿಂದೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಅಕ್ಷರ ಮೂಡುವುದಿಲ್ಲ. ಫೋನಿನಲ್ಲಾದರೆ ಫ್ಲಾಶ್ ಆರಿಸಿ, ಎಡಬಲದಿಂದ 45 ಡಿಗ್ರಿಯಲ್ಲಿ ಎರಡು ದೀಪ ಇಡಿ. ಕಡತಕ್ಕೆ 1972-08-014 ಎಂಬಂತೆ ವರ್ಷ, ತಿಂಗಳು, ಪುಟದ ಹೆಸರು ಕೊಡಿ. ಕನ್ನಡ ಅಕ್ಷರ ಓದುವ ತಂತ್ರಾಂಶಗಳು, ಟೆಸೆರಾಕ್ಟ್ ಆಗಲಿ ಗೂಗಲ್ ಡ್ರೈವ್ ಆಗಲಿ, ಈಗ ಸಾಕಷ್ಟು ಕೆಲಸ ಮಾಡುತ್ತವೆ. ಆದರೆ ಅರ್ಕಾವತ್ತನ್ನು ಒಂಬತ್ತು ಎಂದೂ, ಅನುಸ್ವಾರವನ್ನು ಸೊನ್ನೆ ಎಂದೂ, ಸವೆದ ಅಚ್ಚಿನ ವ-ಮ, ಪ-ಷಗಳನ್ನು ಅದಲುಬದಲು ಮಾಡಿಯೂ ಓದುತ್ತವೆ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ತೆರೆಯ ಮೇಲೆ ತಿದ್ದಿದರೆ ಒಂದು ಕಥೆ ಅರ್ಧ ಗಂಟೆಯ ಕೆಲಸ.

ಘಾಟ್ಕೋಪರಿನಿಂದ: ಚಂದಮಾಮ ಕನ್ನಡದಲ್ಲಿ ಮೊದಲು ಬಂದದ್ದೋ ಮರಾಠಿಯಲ್ಲೋ? ನೆರೆಮನೆಯವರೊಂದಿಗೆ ವಾದ.

ನೀವೇ ಗೆದ್ದಿರಿ, ಕನ್ನಡವೇ ಮೊದಲು. 1947ರಲ್ಲಿ ಮದ್ರಾಸಿನಲ್ಲಿ ಬಿ. ನಾಗಿರೆಡ್ಡಿ, ಚಕ್ರಪಾಣಿ ಶುರುಮಾಡಿದರು. ಕನ್ನಡಕ್ಕೆ ಮುಂದಿನ ಒಂದೆರಡು ವರ್ಷದಲ್ಲೇ ಬಂತು, ಮರಾಠಿಗೆ ‘ಚಾಂದೋಬಾ’ ಆಗಿ 1952ರಲ್ಲಿ.

ಮೀರಾ ರೋಡಿನಿಂದ, 74 ವರ್ಷದ ಓದುಗರು: ಮಕ್ಕಳು ವಿದೇಶದಲ್ಲಿ. ನನ್ನ ಕಥೆಪುಸ್ತಕಗಳನ್ನು ಯಾರಿಗೆ ಒಪ್ಪಿಸಲಿ?

ಪುಸ್ತಕ ಕೊಡುವ ಮೊದಲು ಪಟ್ಟಿ ಕೊಡಿ. ಪ್ರತಿ ಸಂಚಿಕೆಗೆ ಒಂದು ಸಾಲು: ಹೆಸರು, ತಿಂಗಳು, ವರ್ಷ, ಕಳೆದುಹೋದ ಪುಟ, ರಕ್ಷಾಪುಟ ಇದೆಯೋ ಇಲ್ಲವೋ. ನಡುಹಾಳೆ ಎಣಿಸಿ ನೋಡಿ, ಪಿನ್ ಸಡಿಲಾದರೆ ಮೊದಲು ಹೋಗುವುದು ಅದೇ. ಧಾರಾವಾಹಿಯೊಂದು ಮೊದಲಿಂದ ಕೊನೆಯವರೆಗೆ ನಿಮ್ಮಲ್ಲಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಬಿಡಿ ಸಂಚಿಕೆಗಿಂತ ಅದಕ್ಕೆ ಬೆಲೆ ಹೆಚ್ಚು, ಒಡೆಯಬಾರದು. ಪಟ್ಟಿಯ ಪ್ರತಿಯನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್, ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ನಿಮ್ಮ ಬಡಾವಣೆಯ ಕನ್ನಡ ಸಂಘ, ಈ ಮೂರು ಕಡೆ ತೋರಿಸಿ ಎರಡು ಪ್ರಶ್ನೆ ಕೇಳಿ: ಇಡಲು ಮುಚ್ಚಿದ ಬೀರು ಇದೆಯೇ, ಓದಲು ಬಂದವರಿಗೆ ಅಲ್ಲೇ ಕೂತು ಓದಲು ಜಾಗವಿದೆಯೇ. ಎರಡಕ್ಕೂ ಹೌದೆಂದವರಿಗೆ ಜನವರಿಯಲ್ಲಿ, ಒಣ ಹವೆಯಲ್ಲಿ, ಪೆಟ್ಟಿಗೆಯ ಸಮೇತ ಕೊಡಿ. ನೀವು ರಾತ್ರಿ ಓದುವ ಐದಾರನ್ನು ಮಾತ್ರ ಉಳಿಸಿಕೊಂಡು, ಅವುಗಳ ಮುಂದೆ ಪಟ್ಟಿಯಲ್ಲಿ ‘ಆಮೇಲೆ ಬರುತ್ತವೆ’ ಎಂದು ಬರೆದಿಡಿ.